ಮಂಗಳೂರಿನಿಂದ ಜರ್ಮನಿಗೆ: ಅಲ್ಲೊಂದು ಕಂಪನಿ ತೆರೆದು, ಅಲ್ಲಿಯವರನ್ನೇ ಕೆಲಸಕ್ಕೆ ಸೇರಿಸಿಕೊಳ್ಳುವ ದಾರಿ

ಸ್ಟುಟ್‌ಗಾರ್ಟ್ ಹತ್ತಿರದ ಒಂದು ಕಾರ್ಖಾನೆಗೆ ನಾವು ಮೂರು ವರ್ಷ ಮಂಗಳೂರಿನಿಂದಲೇ ಸಾಫ್ಟ್‌ವೇರ್ ಮಾಡಿಕೊಟ್ಟೆವು. ಯಂತ್ರಗಳ ರಿಪೇರಿ, ಸರ್ವಿಸ್ ಲೆಕ್ಕ ಇಡುವ ಸಾಫ್ಟ್‌ವೇರ್. ಕೆಲಸದ ಬಗ್ಗೆ ದೂರು ಇರಲಿಲ್ಲ. ದುಡ್ಡೂ ಹೇಳಿದ ದಿನಕ್ಕೆ ಬರುತ್ತಿತ್ತು. ಆದರೆ ಎರಡನೇ ಗಿರಾಕಿ ಸಿಗಲೇ ಇಲ್ಲ. ಕೊನೆಗೆ ಒಬ್ಬರು ಬಾಯಿಬಿಟ್ಟು ಹೇಳಿದರು: "ರಾತ್ರಿ ಪಾಳಿಯಲ್ಲಿ ಮೆಷಿನ್ ನಿಂತರೆ ನಮ್ಮ ಫೋರ್‌ಮನ್ ಯಾರಿಗೆ ಫೋನ್ ಮಾಡಬೇಕು? ಅವನಿಗೆ ಇಂಗ್ಲಿಷ್ ಬರುವುದಿಲ್ಲ."

ಇಲ್ಲಿ ಕೂತು ಆ ಪ್ರಶ್ನೆಗೆ ಉತ್ತರ ಕೊಡಲು ಆಗುವುದಿಲ್ಲ. ಅಲ್ಲೇ ಇರುವ, ಅಲ್ಲಿಯ ಭಾಷೆ ಮಾತಾಡುವ ಒಬ್ಬರು ಬೇಕು. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಟುಟ್‌ಗಾರ್ಟ್ ಇರುವ ಅದೇ ವ್ಯುರ್ಟೆಂಬರ್ಗ್ ಸೀಮೆಯಲ್ಲಿ ಹುಟ್ಟಿದ ಹೆರ್ಮನ್ ಮೋಗ್ಲಿಂಗ್ ಬಾಸೆಲ್ ಮಿಶನ್ ಮೂಲಕ ನಮ್ಮೂರಿಗೆ ಬಂದರು. ಕನ್ನಡ ಕಲಿತು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದರು. ಅದೇ ಮಿಶನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಮಣ್ಣು ಇಲ್ಲಿಯದು, ಕೆಲಸದವರೂ ಇಲ್ಲಿಯವರೇ. ಈಗ ನಾವು ಎದುರು ದಿಕ್ಕಿನಲ್ಲಿ ಹೋಗುತ್ತಿದ್ದೇವೆ, ಅಷ್ಟೇ.

ಇಪ್ಪತ್ತರಿಂದ ನೂರು ಜನ ಇರುವ ಮಂಗಳೂರು, ಉಡುಪಿ, ಮಣಿಪಾಲದ ಕಂಪನಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಉದಾಹರಣೆ ಜರ್ಮನಿಯದು. ಬೇರೆ ಯೂರೋಪ್ ದೇಶಕ್ಕೆ ಹೋಗುವವರಿಗೆ ಕಾನೂನು ಬೇರೆ ಇರುತ್ತದೆ, ಆದರೆ ಕೆಲಸದ ಕ್ರಮ ಹೆಚ್ಚುಕಮ್ಮಿ ಇದೇ.

ಮೊದಲು ಕೇಳಿಕೊಳ್ಳಿ: ಕಂಪನಿ ಬೇಕಾ?

ಒಬ್ಬರನ್ನು ಸೇರಿಸಿಕೊಳ್ಳಲು ಕಂಪನಿಯೇ ಬೇಕು ಅಂತ ಇಲ್ಲ. ಬೇರೆ ಮೂರು ದಾರಿ ಉಂಟು.

ಕಮಿಷನ್ ಏಜೆಂಟ್ ಇಟ್ಟುಕೊಳ್ಳಬಹುದು. ಸುಲಭ ಅನ್ನಿಸುತ್ತದೆ. ಆದರೆ ಜರ್ಮನ್ ವಾಣಿಜ್ಯ ಕಾನೂನಿನಲ್ಲಿ ಏಜೆಂಟನನ್ನು ಬಿಡುವಾಗ ಪರಿಹಾರ ಕೊಡಬೇಕಾಗಿ ಬರಬಹುದು. ಒಂದು ವರ್ಷದ ಸರಾಸರಿ ಕಮಿಷನ್‌ವರೆಗೂ ಅದು ಹೋಗಬಹುದು. ನಮ್ಮ ಕಡೆ "ನಾಳೆಯಿಂದ ಬೇಡ" ಅಂದ ಹಾಗೆ ಅಲ್ಲಿ ಅನ್ನಲು ಆಗುವುದಿಲ್ಲ.

ಎರಡನೆಯದು, ನಮ್ಮ ಪರವಾಗಿ ಬೇರೊಂದು ಕಂಪನಿ ಆ ವ್ಯಕ್ತಿಯನ್ನು ತನ್ನ ಸಂಬಳದ ಪಟ್ಟಿಯಲ್ಲಿ ಇಟ್ಟುಕೊಳ್ಳುವುದು. ಇಂಥ ಸೇವೆ ಕೊಡುವವರು ತುಂಬ ಜನ ಇದ್ದಾರೆ. ಜರ್ಮನಿಯಲ್ಲಿ ಇದನ್ನು ಸಾಮಾನ್ಯವಾಗಿ ಕೆಲಸಗಾರರನ್ನು ಬಾಡಿಗೆಗೆ ಕೊಡುವ ಕಾನೂನಿನ ಕೆಳಗೆ ನೋಡುತ್ತಾರೆ. ಅದಕ್ಕೆ ಲೈಸೆನ್ಸ್ ಬೇಕು, ಮತ್ತು ಒಬ್ಬರನ್ನು ಒಂದೇ ಕಡೆ 18 ತಿಂಗಳಿಗಿಂತ ಜಾಸ್ತಿ ಇಡುವ ಹಾಗಿಲ್ಲ. ಸೇವೆ ಕೊಡುವವರ ಹತ್ತಿರ ಆ ಲೈಸೆನ್ಸ್ ಉಂಟಾ ಅಂತ ಮೊದಲು ಕೇಳಿ.

ಮೂರನೆಯದು, ಭಾರತದ ಕಂಪನಿಯೇ ಅಲ್ಲಿ ಉದ್ಯೋಗದಾತ ಅಂತ ನೋಂದಾಯಿಸಿಕೊಂಡು ಸಂಬಳ ಕೊಡುವುದು. ಇದರಲ್ಲಿ ಒಂದು ಗುಂಡಿ ಉಂಟು. ಆ ವ್ಯಕ್ತಿ ನಿಮ್ಮ ಹೆಸರಿನಲ್ಲಿ ವ್ಯವಹಾರ ಕುದುರಿಸಿ ಒಪ್ಪಂದ ಮಾಡಿಕೊಳ್ಳುತ್ತಾ ಹೋದರೆ, ಭಾರತ-ಜರ್ಮನಿ ತೆರಿಗೆ ಒಪ್ಪಂದದ ಪ್ರಕಾರ ನಿಮ್ಮ ಭಾರತದ ಕಂಪನಿಗೇ ಅಲ್ಲಿ ಕಾಯಂ ನೆಲೆ ಉಂಟು ಅಂತ ಆಗಬಹುದು. ಆಗ ಲಾಭದ ಒಂದು ಪಾಲಿಗೆ ಅಲ್ಲಿ ತೆರಿಗೆ.

ನನ್ನ ಅಭಿಪ್ರಾಯ ಹೇಳುವುದಾದರೆ, ಒಬ್ಬರೇ ಗಿರಾಕಿ ಇದ್ದು, ನಡೆಯುತ್ತದೋ ಇಲ್ಲವೋ ಎಂಬ ಅನುಮಾನ ಇದ್ದರೆ ಎರಡನೇ ದಾರಿಯಲ್ಲಿ ಒಂದು ವರ್ಷ ನೋಡಿ. ಎರಡು ಮೂರು ಗಿರಾಕಿ ಬರುವ ಲಕ್ಷಣ ಇದ್ದರೆ ನೇರವಾಗಿ ಜಿಎಂಬಿಎಚ್ ಮಾಡಿ. ಅದು ನಮ್ಮ ಪ್ರೈವೇಟ್ ಲಿಮಿಟೆಡ್ ಇದ್ದ ಹಾಗೆ. ಬಂಡವಾಳ 25,000 ಯೂರೊ. ನೋಂದಣಿ ಸಮಯಕ್ಕೆ ಅದರಲ್ಲಿ 12,500 ಖಾತೆಯಲ್ಲಿ ಇದ್ದರೆ ಸಾಕು. ಒಂದು ಯೂರೊ ಬಂಡವಾಳದಲ್ಲೂ ತೆರೆಯಬಹುದಾದ 'ಯುಜಿ' ಎಂಬ ಚಿಕ್ಕ ರೂಪವೂ ಉಂಟು. ಆದರೆ ಅದರ ಹೆಸರಿನಲ್ಲೇ ಆ ಎರಡು ಅಕ್ಷರ ಕಾಣುತ್ತದೆ. ಬಂಡವಾಳ ಇಲ್ಲದವರು ಅಂತ ಕಾರ್ಖಾನೆಯವರು ಅಂದುಕೊಳ್ಳುತ್ತಾರೆ. ದೂರದೇಶದಿಂದ ಬಂದ ನಮಗೆ ಅದು ಬೇಡ.

ಭಾರತದ ಕಡೆಯ ಕೆಲಸ: ಇಲ್ಲಿಂದ ಶುರು ಮಾಡಿ

ಜಾಸ್ತಿ ಜನ ಜರ್ಮನಿಯ ಕೆಲಸ ಮುಗಿಸಿ ಆಮೇಲೆ ಬ್ಯಾಂಕಿಗೆ ಹೋಗುತ್ತಾರೆ. ಅದು ತಲೆಕೆಳಗು. ಹೊರದೇಶದ ಕಂಪನಿಯಲ್ಲಿ ಷೇರು ತೆಗೆದುಕೊಳ್ಳಲು ಫೆಮಾ ಎಂಬ ವಿದೇಶಿ ವಿನಿಮಯ ಕಾನೂನಿನ ಕೆಳಗೆ 2022ರ ಆಗಸ್ಟ್‌ನಲ್ಲಿ ಬಂದ ಸಾಗರೋತ್ತರ ಹೂಡಿಕೆ ನಿಯಮಗಳಿವೆ. ಕಂಪನಿಯ ನೆಟ್‌ವರ್ತ್‌ನ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವ ಮೊತ್ತ) ಶೇ. 400ರವರೆಗೆ ಆರ್‌ಬಿಐ ಅನುಮತಿ ಕೇಳದೆ ಹೂಡಬಹುದು. ಆದರೆ ಅನುಮತಿ ಬೇಡ ಅಂದ ಮಾತ್ರಕ್ಕೆ ಕಾಗದವೂ ಬೇಡ ಅಂತ ಅಲ್ಲ. ಬ್ಯಾಂಕಿಗೆ ಫಾರ್ಮ್ ಎಫ್‌ಸಿ ಕೊಡಬೇಕು. ಬ್ಯಾಂಕ್ ಮೂಲಕ ಯುಐಎನ್ ಎಂಬ ಗುರುತು ಸಂಖ್ಯೆ ಬರಬೇಕು. ಅದು ಬಂದ ಮೇಲೆಯೇ ದುಡ್ಡು ಕಳಿಸಬೇಕು. ಬೋರ್ಡ್ ನಿರ್ಣಯ, ಆಡಿಟರ್ ಕೊಡುವ ಸರ್ಟಿಫಿಕೇಟ್, ಹೂಡಿಕೆ ಯಾಕೆ ಎಂಬ ವಿವರ ಎಲ್ಲ ಸೇರಿ ಒಂದು ಕಡತ ಆಗುತ್ತದೆ.

1906ರಲ್ಲಿ ಎರಡೆರಡು ಬ್ಯಾಂಕ್ ಹುಟ್ಟಿದ ಜಿಲ್ಲೆ ನಮ್ಮದು. ಕೆನರಾ ಬ್ಯಾಂಕ್ ಮಂಗಳೂರಿನಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಉಡುಪಿಯಲ್ಲಿ. ಹೆಜ್ಜೆಗೊಂದು ಶಾಖೆ ಉಂಟು. ಆದರೆ ಹೊರದೇಶದ ಹೂಡಿಕೆಯ ಕಡತ ನೋಡುವವರು ಎಲ್ಲಾ ಶಾಖೆಯಲ್ಲಿ ಇರುವುದಿಲ್ಲ. ನಮ್ಮ ಶಾಖೆಯ ಮ್ಯಾನೇಜರ್ ಒಳ್ಳೆಯವರು, ಹದಿನೈದು ವರ್ಷದ ಪರಿಚಯ. ಆದರೂ ಇಂಥ ಕಡತ ಅವರ ಮೇಜಿಗೆ ಬಂದದ್ದು ಅದೇ ಮೊದಲು. "ಮಾರಾಯ್ರೇ, ಇದು ಬೆಂಗಳೂರಿಗೆ ಹೋಗಿ ಬರಬೇಕು" ಅಂದರು. ಹೋಗಿ ಬರಲು ಒಂದೂವರೆ ತಿಂಗಳು. ಹಾಗಾಗಿ ವಿದೇಶಿ ವಿನಿಮಯ ವಿಭಾಗ ಇರುವ ಶಾಖೆ ಯಾವುದು ಅಂತ ಮೊದಲ ದಿನವೇ ವಿಚಾರಿಸಿ. ಬೇಕಾದರೆ ಖಾತೆಯನ್ನೇ ಅಲ್ಲಿಗೆ ಬದಲಾಯಿಸಿ.

ಪಾಲುದಾರಿಕೆ ಸಂಸ್ಥೆ ಮತ್ತು ಎಲ್‌ಎಲ್‌ಪಿಗೂ ಈ ದಾರಿ ತೆರೆದಿದೆ. ವೈಯಕ್ತಿಕವಾಗಿ ಹೂಡುವವರಿಗೆ ಮಾತ್ರ ವರ್ಷಕ್ಕೆ 2,50,000 ಡಾಲರ್ ಮಿತಿ.

ಕಾಗದಪತ್ರ: ಅಪೊಸ್ಟೀಲ್ ಎಂಬ ತಪ್ಪು

ನಮಗೆ ಮೂರು ವಾರ ಮತ್ತು ಒಳ್ಳೆಯ ಮೊತ್ತ ನಷ್ಟವಾದದ್ದು ಇಲ್ಲಿ. ಕಂಪನಿಯ ನೋಂದಣಿ ಪ್ರಮಾಣಪತ್ರ, ಬೋರ್ಡ್ ನಿರ್ಣಯ ಎಲ್ಲಕ್ಕೂ ಅಪೊಸ್ಟೀಲ್ ಮುದ್ರೆ (ಕಾಗದ ಅಸಲಿ ಅಂತ ಹೊರದೇಶದವರಿಗೆ ತೋರಿಸುವ ಸರಕಾರಿ ಮುದ್ರೆ) ಹಾಕಿಸಬೇಕು ಅಂತ ಒಬ್ಬ ಏಜೆಂಟ್ ಹೇಳಿದ. ಹಾಕಿಸಿದೆವು. ಜರ್ಮನಿಯ ನೋಟರಿಗೆ ಸ್ಕ್ಯಾನ್ ಕಳಿಸಿದರೆ ಎರಡು ಸಾಲಿನ ಉತ್ತರ ಬಂತು: ಭಾರತದ ಅಪೊಸ್ಟೀಲ್ ಜರ್ಮನಿಯಲ್ಲಿ ನಡೆಯುವುದಿಲ್ಲ.

ಕಾರಣ ಇಷ್ಟೇ. ಭಾರತ 2005ರಲ್ಲಿ ಅಪೊಸ್ಟೀಲ್ ಒಪ್ಪಂದಕ್ಕೆ ಸೇರಿತು. ಜರ್ಮನಿ ಅದಕ್ಕೆ ಆಕ್ಷೇಪ ಎತ್ತಿತು. ಹಾಗಾಗಿ ಈ ಎರಡು ದೇಶಗಳ ನಡುವೆ ಆ ಮುದ್ರೆಗೆ ಬೆಲೆ ಇಲ್ಲ. ನೆದರ್ಲೆಂಡ್ಸ್‌ಗೋ ಫ್ರಾನ್ಸ್‌ಗೋ ಹೋಗುವವರಿಗೆ ಈ ತೊಂದರೆ ಇಲ್ಲ.

ಹಾಗಾದರೆ ಮಾಡಬೇಕಾದ್ದು ಎಂತ? ಮೊದಲು ಜರ್ಮನ್ ನೋಟರಿಯನ್ನು ಹುಡುಕಿ. ಯಾವ ಕಾಗದ, ಯಾವ ರೂಪದಲ್ಲಿ, ಯಾರ ದೃಢೀಕರಣದೊಂದಿಗೆ ಬೇಕು ಅಂತ ಅವರಿಂದಲೇ ಬರೆಸಿಕೊಳ್ಳಿ. ಆಮೇಲೆ ಇಲ್ಲಿ ಕೆಲಸ ಶುರು ಮಾಡಿ. ನೀವೇ ಹೋಗದೆ ಅಧಿಕಾರಪತ್ರ ಕೊಟ್ಟು ಮಾಡಿಸುವುದಾದರೆ, ನಿಮ್ಮ ಸಹಿಯನ್ನು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿಕೊಳ್ಳಬಹುದು. ಅನುವಾದ ಮಾತ್ರ ಜರ್ಮನಿಯ ಕೋರ್ಟಿನಲ್ಲಿ ಪ್ರಮಾಣ ಮಾಡಿದ ಅನುವಾದಕರಿಂದಲೇ ಆಗಲಿ. ಇಲ್ಲಿ ಮಾಡಿಸಿದ್ದನ್ನು ನಮ್ಮ ನೋಟರಿ ವಾಪಸ್ ಕಳಿಸಿದರು.

ನೋಟರಿ, ಬ್ಯಾಂಕ್, ರಿಜಿಸ್ಟರ್

ನಮ್ಮೂರಿನ ನೋಟರಿ ಅಂದರೆ ಕೋರ್ಟಿನ ಹೊರಗೆ ಸೀಲು ಒತ್ತಿ ಕೊಡುವವರು. ಅಲ್ಲಿಯ ನೋಟರಿ ಬೇರೆಯೇ. ನಾನು ಹೋಗಿ ಕೂತೆ. ಅವರು ಕಂಪನಿಯ ದಸ್ತಾವೇಜನ್ನು ಮೊದಲ ಪದದಿಂದ ಕೊನೆಯ ಪದದವರೆಗೆ ಗಟ್ಟಿಯಾಗಿ ಓದಿದರು. ಓದಲೇಬೇಕು ಅಂತ ಅಲ್ಲಿ ಕಾನೂನು. ನನಗೆ ಜರ್ಮನ್ ಬಾರದ ಕಾರಣ ಪಕ್ಕದಲ್ಲಿ ದುಭಾಷಿ ಒಂದೊಂದು ಪ್ಯಾರಾ ಆದ ಕೂಡಲೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಒಂದು ಗಂಟೆ ನಲವತ್ತು ನಿಮಿಷ. ನಡುವೆ ಒಂದು ಕಡೆ ನಮ್ಮ ಮಂಗಳೂರಿನ ವಿಳಾಸದ ಪಿನ್‌ಕೋಡ್‌ನಲ್ಲಿ ಒಂದು ಅಂಕೆ ತಪ್ಪಿತ್ತು. ಅವರು ಓದುವಾಗಲೇ ನಿಲ್ಲಿಸಿ, ಪೆನ್ನಿನಲ್ಲಿ ತಿದ್ದಿ, ಪಕ್ಕದಲ್ಲಿ ಟಿಪ್ಪಣಿ ಬರೆದರು. ಇಲ್ಲಿಯಾದರೆ ಆಮೇಲೆ ನೋಡುವ ಅನ್ನುತ್ತಿದ್ದೆವು. ಅಲ್ಲಿ ಆ ಒಂದು ಅಂಕೆ ತಪ್ಪಿದ್ದರೆ, ಕಂಪನಿಗಳ ಹೆಸರು ದಾಖಲಿಸುವ ರಿಜಿಸ್ಟರ್ ಕೋರ್ಟ್ ಅರ್ಜಿಯನ್ನೇ ಹಿಂದೆ ಕಳಿಸಬಹುದಿತ್ತು.

ಆ ಮೇಜಿಗೆ ಹೋಗುವ ಮೊದಲು ಮೂರು ವಿಷಯ ತೀರ್ಮಾನ ಮಾಡಿಕೊಳ್ಳಿ.

ಹೆಸರು. ಆ ಊರಿನ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಗೆ ಬರೆದು ಕೇಳಿದರೆ ಹೆಸರು ನಡೆಯುತ್ತದೋ ಇಲ್ಲವೋ ಹೇಳುತ್ತಾರೆ.

ಮ್ಯಾನೇಜಿಂಗ್ ಡೈರೆಕ್ಟರ್. ಜರ್ಮನಿಯಲ್ಲೇ ವಾಸ ಇರಬೇಕು ಅಂತ ಇಲ್ಲ, ಮಂಗಳೂರಿನಲ್ಲಿ ಇದ್ದುಕೊಂಡೂ ಆಗಬಹುದು. ಆದರೆ ಖಾತೆ ತೆರೆಯುವಾಗ, ಕಾಗದಕ್ಕೆ ಸಹಿ ಹಾಕುವಾಗ ಅದು ತೊಡಕೇ.

ಲೆಕ್ಕದ ವರ್ಷ. ಇದನ್ನು ನಮಗೆ ಯಾರೂ ಮೊದಲು ಹೇಳಲಿಲ್ಲ. ಅಲ್ಲಿ ಸಾಮಾನ್ಯವಾಗಿ ಜನವರಿಯಿಂದ ಡಿಸೆಂಬರ್. ಸ್ಥಾಪನೆ ಸಮಯದಲ್ಲೇ ಏಪ್ರಿಲ್-ಮಾರ್ಚ್ ಅಂತ ಬರೆಸಿಕೊಳ್ಳಬಹುದು. ಆಮೇಲೆ ಬದಲಾಯಿಸಬೇಕಾದರೆ ಪುನಃ ನೋಟರಿ, ಮೇಲಿಂದ ತೆರಿಗೆ ಕಚೇರಿಯ ಒಪ್ಪಿಗೆ. ಎರಡು ದೇಶದ ಲೆಕ್ಕ ಒಟ್ಟು ಮಾಡುವ ಆಡಿಟರ್‌ಗೆ ಇದರಿಂದ ಎಷ್ಟು ಕೆಲಸ ಉಳಿಯುತ್ತದೆ ಅಂತ ಅವರನ್ನೇ ಕೇಳಿ.

ನೋಟರಿ ಮುಗಿದ ಮೇಲೆ ಬ್ಯಾಂಕ್ ಖಾತೆ. ಎಲ್ಲಕ್ಕಿಂತ ನಿಧಾನ ಇದೇ. ಷೇರುದಾರ ಕಂಪನಿ ಭಾರತದ್ದು, ಡೈರೆಕ್ಟರ್ ಭಾರತದಲ್ಲಿ ಅಂದ ಕೂಡಲೇ ಎಷ್ಟೋ ಬ್ಯಾಂಕುಗಳು ಬಾಗಿಲು ಹಾಕುತ್ತವೆ. ನಮಗೆ ಮೂರು ಕಡೆ ಇಲ್ಲ ಅಂದರು. ನಾಲ್ಕನೆಯದು ಗಿರಾಕಿ ಕಾರ್ಖಾನೆಯೇ ಪರಿಚಯ ಮಾಡಿಸಿದ ಊರಿನ ಸಣ್ಣ ಬ್ಯಾಂಕ್. ಅಲ್ಲಿ ಆಯಿತು. ನಿಮ್ಮ ಗಿರಾಕಿಯ ಹತ್ತಿರ ಈ ಒಂದು ಸಹಾಯ ಕೇಳಲು ಸಂಕೋಚ ಬೇಡ.

ಬಂಡವಾಳ ಖಾತೆಗೆ ಬಂದ ಸಾಕ್ಷಿ ಕೊಟ್ಟ ಮೇಲೆ ನೋಟರಿ ವಾಣಿಜ್ಯ ರಿಜಿಸ್ಟರ್‌ಗೆ ಅರ್ಜಿ ಕಳಿಸುತ್ತಾರೆ. ಹೆಸರು ಅಲ್ಲಿ ದಾಖಲಾಗುವವರೆಗೆ ಕಂಪನಿ ಹುಟ್ಟಿಲ್ಲ. ಅದಕ್ಕೆ ಮೊದಲು ಅದರ ಹೆಸರಿನಲ್ಲಿ ಆಫೀಸ್ ಬಾಡಿಗೆ, ಕೆಲಸದ ಒಪ್ಪಂದ ಅಂತ ಸಹಿ ಹಾಕಿದರೆ ಹಾಕಿದವರೇ ವೈಯಕ್ತಿಕವಾಗಿ ಜವಾಬ್ದಾರರು. ಅವಸರ ಮಾಡಬೇಡಿ.

ದಾಖಲಾದ ಮೇಲೆ ಮೂರು ನಾಲ್ಕು ಕಡೆ ಹೆಸರು ಕೊಡುವುದು ಉಂಟು. ಊರಿನ ವ್ಯಾಪಾರ ಕಚೇರಿ, ಫಿನಾನ್ಸ್‌ಆಮ್ಟ್ ಎಂಬ ತೆರಿಗೆ ಕಚೇರಿ, ನಿಜವಾದ ಮಾಲೀಕರು ಯಾರು ಅಂತ ದಾಖಲಿಸುವ ಪಾರದರ್ಶಕತೆ ರಿಜಿಸ್ಟರ್, ಕೆಲಸದಲ್ಲಿ ಗಾಯವಾದರೆ ವಿಮೆ ಕೊಡುವ ಬೆರೂಫ್ಸ್‌ಗೆನೊಸೆನ್‌ಶಾಫ್ಟ್. ಉದ್ಯೋಗಿ ಸೇರುವ ಮೊದಲು ಉದ್ಯೋಗ ಇಲಾಖೆಯಿಂದ 'ಬೆಟ್ರೀಬ್ಸ್‌ನುಮ್ಮರ್' ಎಂಬ ಎಂಟು ಅಂಕೆಯ ಸಂಖ್ಯೆ ಬೇಕು. ಅದಿಲ್ಲದೆ ಸಂಬಳದ ಲೆಕ್ಕ ಹೊರಡುವುದಿಲ್ಲ. ಇವೆಲ್ಲ ಅಲ್ಲಿಯ ತೆರಿಗೆ ಸಲಹೆಗಾರರು ಮಾಡಿಕೊಡುತ್ತಾರೆ. ಸ್ಟೊಯರ್‌ಬೆರಾಟರ್ ಅನ್ನುತ್ತಾರೆ, ನಮ್ಮ ಆಡಿಟರ್ ಇದ್ದ ಹಾಗೆ. ಇಂಗ್ಲಿಷ್ ಬರುವವರನ್ನೇ ಹುಡುಕಿ. ಖರ್ಚು ಸ್ವಲ್ಪ ಜಾಸ್ತಿ ಆದರೂ ಇದರಲ್ಲಿ ಉಳಿತಾಯ ನೋಡಬೇಡಿ.

ಜನ ಹುಡುಕುವುದು

ಇನ್ನು ಮುಖ್ಯ ಕೆಲಸ. ಮೊದಲ ಉದ್ಯೋಗಿ ಯಾರು ಎಂಬುದರ ಮೇಲೆಯೇ ಉಳಿದದ್ದೆಲ್ಲ ನಿಂತಿದೆ. ಕಾಗದ ತಪ್ಪಿದರೆ ತಿದ್ದಬಹುದು. ಮೊದಲ ವ್ಯಕ್ತಿ ತಪ್ಪಿದರೆ ಒಂದು ವರ್ಷ ಹೋಯಿತು ಅಂತ ಲೆಕ್ಕ.

ಜಾಹೀರಾತು ಜರ್ಮನ್ ಭಾಷೆಯಲ್ಲೇ ಇರಲಿ. ಅಲ್ಲಿಯ ಜಾಹೀರಾತುಗಳಲ್ಲಿ ಹುದ್ದೆಯ ಹೆಸರಿನ ಪಕ್ಕ ಮೂರು ಅಕ್ಷರ ಇರುತ್ತದೆ: ಗಂಡು, ಹೆಣ್ಣು, ಇತರ ಅಂತ ಅರ್ಥ. ಅದನ್ನು ಬಿಡಬೇಡಿ. 2006ರ ಸಮಾನತೆಯ ಕಾನೂನು ಉಂಟು. "ಯುವಕರು ಬೇಕಾಗಿದ್ದಾರೆ" ಅಂತ ಬರೆದರೆ, ಕೆಲಸ ಸಿಗದವರು ಪರಿಹಾರ ಕೇಳಿ ಕೋರ್ಟಿಗೆ ಹೋಗಬಹುದು.

ಸಂದರ್ಶನದಲ್ಲಿ ನಮ್ಮ ಬಾಯಿಯನ್ನು ನಾವೇ ಹಿಡಿದುಕೊಳ್ಳಬೇಕು. ನಮ್ಮ ಕಡೆ ಒಬ್ಬರ ಪರಿಚಯ ಅಂದರೆ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಮದುವೆ ಆಗಿದೆಯಾ, ಮಕ್ಕಳೆಷ್ಟು. ಪ್ರೀತಿಯಿಂದಲೇ ಕೇಳುತ್ತೇವೆ. ಅಲ್ಲಿ ಮದುವೆ, ಮಕ್ಕಳ ಯೋಚನೆ, ಬಸುರಿ, ಧರ್ಮ, ವಯಸ್ಸು ಯಾವುದನ್ನೂ ಕೇಳುವ ಹಾಗಿಲ್ಲ. ಕೇಳಿದರೆ ಅವರು ಸುಳ್ಳು ಹೇಳಿದರೂ ತಪ್ಪಾಗುವುದಿಲ್ಲ. ಧರ್ಮದ ವಿಚಾರ ಕೆಲಸಕ್ಕೆ ಸೇರಿದ ಮೇಲೆ ಸಂಬಳದ ಲೆಕ್ಕಕ್ಕೆ ಬರುತ್ತದೆ, ಚರ್ಚಿನ ಸದಸ್ಯರಾದವರ ಸಂಬಳದಿಂದ ಚರ್ಚ್ ತೆರಿಗೆ ಕಡಿಯಬೇಕಲ್ವಾ. ಅದು ಬೇರೆ ವಿಷಯ.

ಇನ್ನೊಂದು, "ಈಗ ಸಂಬಳ ಎಷ್ಟು?" ಎಂಬ ನಮ್ಮ ಖಾಯಂ ಪ್ರಶ್ನೆ. ಯೂರೋಪಿಯನ್ ಒಕ್ಕೂಟದ 2023ರ ವೇತನ ಪಾರದರ್ಶಕತೆ ನಿರ್ದೇಶನ ಅದನ್ನು ನಿಲ್ಲಿಸಿದೆ. ಹಳೇ ಸಂಬಳ ಕೇಳಬಾರದು, ಕೊಡಲಿರುವ ಸಂಬಳ ಎಷ್ಟರಿಂದ ಎಷ್ಟು ಅಂತ ಮೊದಲೇ ಹೇಳಬೇಕು. ಸದಸ್ಯ ದೇಶಗಳು ಇದನ್ನು ತಮ್ಮ ಕಾನೂನಿಗೆ ತರಲು ಕೊಟ್ಟ ಗಡುವು 2026ರ ಜೂನ್ 7. ಮೊದಲ ದಿನದಿಂದಲೇ ಹಾಗೆ ಮಾಡಿ. ಮಾತೂ ಬೇಗ ಮುಗಿಯುತ್ತದೆ.

ಅಭ್ಯರ್ಥಿಗಳು ಹಳೇ ಕಂಪನಿಯ ಪ್ರಶಂಸಾಪತ್ರ ತರುತ್ತಾರೆ. ಕೆಲಸ ಬಿಡುವಾಗ ಅದನ್ನು ಕೇಳಿ ಪಡೆಯುವುದು ಅವರ ಹಕ್ಕು. ಓದಿದರೆ ಎಲ್ಲವೂ ಹೊಗಳಿಕೆಯ ಹಾಗೆ ಕಾಣುತ್ತದೆ. ಹಾಗಲ್ಲ. ಅದರೊಳಗೆ ಒಂದು ಗುಟ್ಟಿನ ಭಾಷೆ ಉಂಟು. "ಯಾವಾಗಲೂ ನಮಗೆ ಅತ್ಯಂತ ಪೂರ್ಣ ತೃಪ್ತಿಯಾಗುವ ಹಾಗೆ ಕೆಲಸ ಮಾಡಿದರು" ಅಂತ ಇದ್ದರೆ ಮೊದಲ ದರ್ಜೆ. "ಯಾವಾಗಲೂ" ಹೋಗಿ ಬರೀ "ಪೂರ್ಣ ತೃಪ್ತಿ" ಅಂತ ಇದ್ದರೆ ನಡುವಿನ ದರ್ಜೆ. ಸುಮ್ನೆ "ತೃಪ್ತಿಯಾಗುವ ಹಾಗೆ" ಅಂತ ಮಾತ್ರ ಇದ್ದರೆ ಜಾಗ್ರತೆ. "ಪ್ರಯತ್ನಪಟ್ಟರು" ಅಂತ ಬರೆದಿದ್ದರೆ ಕೆಲಸ ಆಗಲಿಲ್ಲ ಅಂತಲೇ ಅರ್ಥ. ಜರ್ಮನ್ ಬಲ್ಲ ಒಬ್ಬರ ಕೈಯಲ್ಲಿ ಇವನ್ನು ಓದಿಸಿ.

ನಮಗೆ ಸಿಕ್ಕವರು ಹದಿನಾಲ್ಕು ವರ್ಷ ಒಂದು ಕಾರ್ಖಾನೆಯ ಮೆಷಿನ್ ನಿರ್ವಹಣೆಯಲ್ಲೇ ಇದ್ದ ಒಬ್ಬ ಮಹಿಳೆ. ಕೊನೆಗೆ ಅವರು ಕೇಳಿದ ಪ್ರಶ್ನೆ ಒಂದೇ: "ಗಿರಾಕಿಯ ಹತ್ತಿರ ನಾನು ಒಂದು ಮಾತು ಕೊಟ್ಟರೆ ಅದನ್ನು ನಡೆಸಿಕೊಡುವವರು ಯಾರು?" ನಾನು ಒಂದು ದಿನ ಸಮಯ ಕೇಳಿದೆ. ಇಷ್ಟು ಮೊತ್ತದವರೆಗೆ, ಇಷ್ಟು ದಿನದ ಕೆಲಸದವರೆಗೆ ನೀವೇ ತೀರ್ಮಾನ ಮಾಡಬಹುದು, ನಮ್ಮನ್ನು ಕೇಳಬೇಕಾಗಿಲ್ಲ ಅಂತ ಬರೆದು ಕಳಿಸಿದೆ. ಅವರು ಸೇರಿದ್ದು ಆ ಕಾಗದ ನೋಡಿ. ನೀವು ಸಂದರ್ಶನಕ್ಕೆ ಕೂರುವ ಮೊದಲೇ ಅಂಥ ಕಾಗದ ತಯಾರು ಇಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಮಂಗಳೂರಿಗೆ ಫೋನ್ ಮಾಡಬೇಕಾದವರು ಗಿರಾಕಿಯ ಕಣ್ಣಲ್ಲಿ ಬರೀ ಅನುವಾದಕರು.

ಅನುಭವ ಇರುವವರ ನೋಟಿಸ್ ಅವಧಿ ಮೂರು ತಿಂಗಳು ಇರುವುದು ಮಾಮೂಲು. ಇಂದು ಒಪ್ಪಿದವರು ಬರುವಾಗ ಮುಂದಿನ ಹಂಗಾಮು.

ಸಂಬಳದ ಲೆಕ್ಕ

ಅಲ್ಲಿ ಸಂಬಳ ಅಂದರೆ ವರ್ಷದ ಒಟ್ಟು ಮೊತ್ತ, ಕಡಿತಕ್ಕೆ ಮೊದಲಿನದು. ನಮ್ಮ ಸಿಟಿಸಿಯ ಹಾಗೆ ಕಂಪನಿಯ ಪಿಎಫ್ ಪಾಲನ್ನೂ ಅದರೊಳಗೆ ತುರುಕುವುದಿಲ್ಲ. ಕಂಪನಿಯ ಪಾಲು ಅದರ ಮೇಲೆ.

60,000 ಯೂರೊ ಅಂತ ಇಟ್ಟುಕೊಳ್ಳಿ. ಕಂಪನಿ ಕೊಡಬೇಕಾದ್ದು ಪಿಂಚಣಿಗೆ ಶೇ. 9.3, ನಿರುದ್ಯೋಗ ವಿಮೆಗೆ ಶೇ. 1.3, ಆರೈಕೆ ವಿಮೆಗೆ (ಮುಪ್ಪಿನಲ್ಲಿ, ದೀರ್ಘ ಕಾಯಿಲೆಯಲ್ಲಿ ನೋಡಿಕೊಳ್ಳುವ ಖರ್ಚಿಗೆ) ಶೇ. 1.8, ಆರೋಗ್ಯ ವಿಮೆಗೆ ಶೇ. 7.3 ಮತ್ತು ವಿಮಾ ಸಂಸ್ಥೆ ಹಾಕುವ ಹೆಚ್ಚುವರಿ ಪಾಲಿನ ಅರ್ಧ. ಕೂಡಿಸಿದರೆ ಶೇ. 21ರ ಆಸುಪಾಸು. ಅಂದರೆ ಸಂಬಳದ ಮೇಲೆ ಇನ್ನೂ ಸುಮಾರು 12,600 ಯೂರೊ. ಸಣ್ಣಪುಟ್ಟ ಸೇರಿ 73,000 ಅಂತ ಬಜೆಟ್ ಹಾಕಿ. ಉದ್ಯೋಗಿಯ ಕೈಗೆ ಸಿಗುವುದು 60,000ದಲ್ಲೂ ತೆರಿಗೆ ಮತ್ತು ಅವರ ಪಾಲಿನ ವಿಮೆ ಕಳೆದು. ಒಂಟಿಯಾಗಿದ್ದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿಯೇ ಹೋಗುತ್ತದೆ.

ಯಾವ ಆರೋಗ್ಯ ವಿಮಾ ಸಂಸ್ಥೆ ಅಂತ ಉದ್ಯೋಗಿಯೇ ಆರಿಸುತ್ತಾರೆ. ನಾವು ಪಿಂಚಣಿಯ ದುಡ್ಡನ್ನೂ ನಿರುದ್ಯೋಗ ವಿಮೆಯನ್ನೂ ಅದೇ ಸಂಸ್ಥೆಗೆ ಕಟ್ಟಬೇಕು, ಅವರು ಹಂಚುತ್ತಾರೆ. ಗಡುವು ಆಯಾ ತಿಂಗಳು ಮುಗಿಯುವ ಮೊದಲು, ಬ್ಯಾಂಕ್ ತೆರೆದಿರುವ ದಿನಗಳಲ್ಲಿ ಕೊನೆಯಿಂದ ಮೂರನೆಯದು. ಸಂಬಳದ ತೆರಿಗೆ ಮುಂದಿನ ತಿಂಗಳ 10ಕ್ಕೆ. ಇಲ್ಲಿಂದ ದುಡ್ಡು ಹೋಗಿ ತಲುಪಲು ನಾಲ್ಕೈದು ದಿನ ಬೇಕು. ಮೂರು ತಿಂಗಳ ಖರ್ಚು ಯಾವಾಗಲೂ ಅಲ್ಲಿಯ ಖಾತೆಯಲ್ಲಿ ಇರಲಿ.

ಕನಿಷ್ಠ ವೇತನ 2026ರ ಜನವರಿಯಿಂದ ಗಂಟೆಗೆ 13.90 ಯೂರೊ. ಅರೆಕಾಲಿಕ ಸಹಾಯಕರನ್ನು ಇಟ್ಟುಕೊಳ್ಳುವಾಗ ನೆನಪಿರಲಿ.

ಒಪ್ಪಂದ, ರಜೆ, ಕಾಯಿಲೆ

ನಮ್ಮ ಅಪಾಯಿಂಟ್‌ಮೆಂಟ್ ಲೆಟರನ್ನೇ ಅನುವಾದ ಮಾಡಿಸಿ ಕೊಡಬೇಡಿ. ಅಲ್ಲಿಯ ಕಾರ್ಮಿಕ ವಕೀಲರ ಹತ್ತಿರ ಹೊಸದಾಗಿ ಬರೆಸಿ. ಪ್ರೊಬೇಶನ್ ಆರು ತಿಂಗಳವರೆಗೆ ಇಡಬಹುದು. ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಸಾಕು. ನಿಗದಿತ ಅವಧಿಯ ಒಪ್ಪಂದ ಮಾಡುವುದಾದರೆ ಕೆಲಸ ಶುರುವಾಗುವ ಮೊದಲೇ ಇಬ್ಬರೂ ಕಾಗದದ ಮೇಲೆ ಪೆನ್ನಿನಲ್ಲಿ ಸಹಿ ಹಾಕಿರಬೇಕು. ಸ್ಕ್ಯಾನ್ ಕಳಿಸಿ, ಮೂಲ ಪ್ರತಿ ಕೊರಿಯರ್‌ನಲ್ಲಿ ಆಮೇಲೆ ಬರುತ್ತದೆ ಅಂತ ಬಿಟ್ಟರೆ ಅದು ಕಾಯಂ ಕೆಲಸವೇ ಆಗಿಬಿಡುತ್ತದೆ. ಕಾರಣ ಹೇಳದೆ ಮಾಡುವ ಇಂಥ ಒಪ್ಪಂದಕ್ಕೆ ಎರಡು ವರ್ಷದ ಮಿತಿ. ಹೊಸದಾಗಿ ಹುಟ್ಟಿದ ಕಂಪನಿಗೆ ಮೊದಲ ನಾಲ್ಕು ವರ್ಷ ಒಂದು ರಿಯಾಯಿತಿ ಉಂಟು, ನಾಲ್ಕು ವರ್ಷದವರೆಗೂ ಮಾಡಬಹುದು. ನಿಮ್ಮದಕ್ಕೆ ಅದು ಅನ್ವಯಿಸುತ್ತದೋ ಅಂತ ವಕೀಲರನ್ನು ಕೇಳಿ. ಆದರೆ ಮೊದಲ ವ್ಯಕ್ತಿಗೆ ಕಾಯಂ ಕೆಲಸವೇ ಕೊಡಿ ಅಂತ ನಾನು ಹೇಳುತ್ತೇನೆ. ಹೆಸರೇ ಕೇಳದ ದೂರದ ಕಂಪನಿಗೆ ಒಳ್ಳೆಯ ಕೆಲಸ ಬಿಟ್ಟು ಬರುವವರಿಗೆ ಅಷ್ಟಾದರೂ ಧೈರ್ಯ ಬೇಡವೇ?

ವಾರಕ್ಕೆ ಐದು ದಿನ ಕೆಲಸ ಆದರೆ ಕಾನೂನಿನ ಪ್ರಕಾರ ವರ್ಷಕ್ಕೆ ಕಡಿಮೆ ಎಂದರೆ 20 ದಿನ ರಜೆ. ರೂಢಿಯಲ್ಲಿ 28, 30 ದಿನ ಕೊಡುತ್ತಾರೆ. 20 ಅಂತ ಹೇಳಿದರೆ ಒಳ್ಳೆಯವರು ಎದ್ದು ಹೋಗುತ್ತಾರೆ. ರಜೆಯಲ್ಲಿ ಇದ್ದವರಿಗೆ ಫೋನ್ ಮಾಡುವ ಹಾಗಿಲ್ಲ ಅಂತ ನಮ್ಮ ಇಲ್ಲಿಯ ತಂಡಕ್ಕೂ ತಿಳಿಸಬೇಕು.

ಕಾಯಿಲೆಯ ವಿಷಯದಲ್ಲಿ ನಮ್ಮಲ್ಲೇ ಒಂದು ತಪ್ಪು ಆಯಿತು. ಆ ಮಹಿಳೆ ಸೇರಿ ಮೂರನೇ ತಿಂಗಳು. ಬೆಳಿಗ್ಗೆ "ಹುಷಾರಿಲ್ಲ, ಈ ವಾರ ಬರುವುದಿಲ್ಲ" ಅಂತ ಮೆಸೇಜ್. ಇಲ್ಲಿಂದ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಕಾಳಜಿಯಿಂದಲೇ ಕೇಳಿದರು: "ಎಂತ ಆಯಿತು? ಡಾಕ್ಟರ್ ಎಂತ ಹೇಳಿದರು? ಸಂಜೆ ಒಂದು ಹತ್ತು ನಿಮಿಷ ಕಾಲ್‌ಗೆ ಸಿಗುತ್ತೀರಾ?" ಉತ್ತರ ಬರಲಿಲ್ಲ. ಸ್ಟೊಯರ್‌ಬೆರಾಟರ್ ಹೇಳಿದ ಮೇಲೆ ನಮಗೆ ತಿಳಿದದ್ದು. ಕಾಯಿಲೆ ಏನು ಅಂತ ತಿಳಿಯುವ ಹಕ್ಕು ಕಂಪನಿಗೆ ಇಲ್ಲ. ಮೂರು ದಿನಕ್ಕಿಂತ ಜಾಸ್ತಿ ಆದರೆ ಡಾಕ್ಟರ್ ಸರ್ಟಿಫಿಕೇಟ್ ಬೇಕು. 2023ರಿಂದ ಅದನ್ನೂ ಕಂಪನಿಯೇ ವಿಮಾ ಸಂಸ್ಥೆಯಿಂದ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬೇಕು. ಅದರಲ್ಲಿ ತಾರೀಕು ಇರುತ್ತದೆ, ಕಾಯಿಲೆಯ ಹೆಸರು ಇರುವುದಿಲ್ಲ. ಆರು ವಾರದವರೆಗೆ ಪೂರ್ತಿ ಸಂಬಳ ನಾವು ಕೊಡಬೇಕು, ಆಮೇಲೆ ವಿಮೆಯವರು ನೋಡಿಕೊಳ್ಳುತ್ತಾರೆ. ಅವರು ವಾಪಸ್ ಬಂದ ದಿನ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ.

ದಿನಕ್ಕೆ ಎಂಟು ಗಂಟೆ ಕೆಲಸ, ಹೆಚ್ಚೆಂದರೆ ಹತ್ತು. ಹತ್ತು ಮಾಡಿದ ದಿನಗಳನ್ನು ಬೇರೆ ದಿನ ಕಡಿಮೆ ಮಾಡಿ ಸರಿದೂಗಿಸಬೇಕು. ಕೆಲಸ ಮುಗಿದು ಮತ್ತೆ ಶುರುವಾಗುವ ನಡುವೆ 11 ಗಂಟೆ ವಿಶ್ರಾಂತಿ ಕಡ್ಡಾಯ. ನಮಗೂ ಅವರಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ. ನಮ್ಮ ಊಟ ಆದ ಮೇಲೆ, ಎರಡು ಗಂಟೆಯಿಂದ ಐದೂವರೆ ನಡುವೆ ಮೀಟಿಂಗ್ ಇಟ್ಟರೆ ಎರಡೂ ಕಡೆಗೆ ವರ್ಷವಿಡೀ ಸರಿಹೊಂದುತ್ತದೆ.

ಅಲ್ಲಿಯ ಉದ್ಯೋಗಿಯ ವಿವರಗಳನ್ನು ಮಂಗಳೂರಿನ ಎಚ್‌ಆರ್ ಸಾಫ್ಟ್‌ವೇರ್‌ನಲ್ಲಿ ಹಾಕುವ ಮೊದಲು ನಿಲ್ಲಿ. ಜನರ ಖಾಸಗಿ ಮಾಹಿತಿ ಕಾಪಾಡುವ ಯೂರೋಪಿನ ಜಿಡಿಪಿಆರ್ ಕಾನೂನಿನ ಪ್ರಕಾರ ಅದು ದೇಶದ ಹೊರಗೆ ಮಾಹಿತಿ ಕಳಿಸಿದ ಹಾಗೆ. ನಿಮ್ಮ ಎರಡು ಕಂಪನಿಗಳ ನಡುವೆ ಯೂರೋಪಿಯನ್ ಆಯೋಗ ಕೊಟ್ಟ ಮಾದರಿ ಷರತ್ತುಗಳ ಒಪ್ಪಂದ ಇರಬೇಕು.

ಹೊಂದಿಕೆ ಆಗದಿದ್ದರೆ

ಬೇಡದ ಮಾತು, ಆದರೂ ತಿಳಿದಿರಬೇಕು. ಕೆಲಸದಿಂದ ತೆಗೆಯುವ ಪತ್ರ ಕಾಗದದಲ್ಲಿ, ಅಧಿಕಾರ ಇರುವವರ ಕೈಬರಹದ ಸಹಿಯೊಂದಿಗೆ ಅವರ ಕೈ ಸೇರಬೇಕು. ಇಮೇಲ್, ವಾಟ್ಸ್‌ಆ್ಯಪ್, ಸ್ಕ್ಯಾನ್ ಯಾವುದಕ್ಕೂ ಬೆಲೆ ಇಲ್ಲ. ಪ್ರೊಬೇಶನ್ ಆದ ಮೇಲೆ ನೋಟಿಸ್ ನಾಲ್ಕು ವಾರ, ತಿಂಗಳ 15ಕ್ಕೋ ಕೊನೆಗೋ ಮುಗಿಯುವ ಹಾಗೆ. ಕೆಲಸ ಮಾಡಿದ ವರ್ಷ ಜಾಸ್ತಿ ಆದ ಹಾಗೆ ಕಂಪನಿ ಕೊಡಬೇಕಾದ ನೋಟಿಸೂ ಉದ್ದ ಆಗುತ್ತದೆ. ಹತ್ತಕ್ಕಿಂತ ಜಾಸ್ತಿ ಜನ ಇದ್ದು, ಆ ವ್ಯಕ್ತಿ ಆರು ತಿಂಗಳು ದಾಟಿದ್ದರೆ ಕಾನೂನು ಒಪ್ಪುವ ಕಾರಣವೂ ಬೇಕು. ಪತ್ರ ಸಿಕ್ಕಿ ಮೂರು ವಾರದೊಳಗೆ ಅವರು ಕಾರ್ಮಿಕ ಕೋರ್ಟಿಗೆ ಹೋಗಬಹುದು. ಐದು ಜನ ಕಾಯಂ ಇದ್ದರೆ ಉದ್ಯೋಗಿಗಳ ಮಂಡಳಿ ಮಾಡಿಕೊಳ್ಳುವ ಹಕ್ಕೂ ಅವರಿಗೆ ಉಂಟು. ಇದಕ್ಕೆ ಹೆದರಬೇಕಾಗಿಲ್ಲ.

ನಮ್ಮವರನ್ನು ಅಲ್ಲಿಗೆ ಕಳಿಸುವುದು

ಅಲ್ಲಿಯವರು ಒಬ್ಬರೇ ಇದ್ದರೆ ಸಾಲದು, ನಮ್ಮ ಸಾಫ್ಟ್‌ವೇರ್ ಒಳಹೊರಗು ಗೊತ್ತಿರುವ ಒಬ್ಬರು ಕೆಲವು ತಿಂಗಳು ಜೊತೆಗೆ ಇದ್ದರೆ ಒಳ್ಳೆಯದು. ಮೀಟಿಂಗಿಗೆ ಹೋಗಿ ಬರಲು ಷೆಂಗೆನ್ ವೀಸಾ ಸಾಕು, 180 ದಿನದಲ್ಲಿ 90 ದಿನ. ಅದರಲ್ಲಿ ಹೋಗಿ ಗಿರಾಕಿಯ ಜಾಗದಲ್ಲಿ ಕೂತು ದಿನನಿತ್ಯದ ಕೆಲಸ ಮಾಡುವ ಹಾಗಿಲ್ಲ. ಅದಕ್ಕೆ ಒಂದೇ ಸಮೂಹದ ಕಂಪನಿಗಳ ನಡುವೆ ವರ್ಗ ಆಗುವವರಿಗೆ ಕೊಡುವ ಐಸಿಟಿ ಕಾರ್ಡ್ ಬೇಕು. ಅಲ್ಲಿಯ ಕಂಪನಿಯೇ ಸೇರಿಸಿಕೊಳ್ಳುವುದಾದರೆ ಬ್ಲೂ ಕಾರ್ಡ್ ಎಂಬ ವಾಸ ಮತ್ತು ಕೆಲಸದ ಪರವಾನಗಿ.

ತುಂಬ ಜನ ಮರೆಯುವುದು ಪಿಎಫ್ ವಿಷಯ. ಭಾರತ-ಜರ್ಮನಿ ಸಾಮಾಜಿಕ ಭದ್ರತೆ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ನಮ್ಮ ಪಿಎಫ್ ಕಚೇರಿಯಿಂದ ವ್ಯಾಪ್ತಿ ಪ್ರಮಾಣಪತ್ರ ತೆಗೆದುಕೊಂಡು ಹೋದರೆ 48 ತಿಂಗಳವರೆಗೆ ಅಲ್ಲಿ ಪಿಂಚಣಿ ಕಟ್ಟಬೇಕಾಗಿಲ್ಲ, ಇಲ್ಲಿಯ ಪಿಎಫ್ ಮುಂದುವರಿದರೆ ಸಾಕು. ಹೊರಡುವ ಮೊದಲೇ ಅರ್ಜಿ ಹಾಕಿ.

ವರ್ಷ ಮುಗಿಯುವಾಗ

ಮಂಗಳೂರಿನ ಕಂಪನಿ ಕೆಲಸ ಮಾಡಿ ಜರ್ಮನಿಯ ಕಂಪನಿಗೆ ಬಿಲ್ ಹಾಕುತ್ತದೆ. ಆ ದರ ಹೊರಗಿನವರಿಗೆ ಹಾಕುವ ಹಾಗೆಯೇ ಇರಬೇಕು. ಎರಡೂ ದೇಶದ ತೆರಿಗೆಯವರು ಇದನ್ನೇ ನೋಡುವುದು. ಒಂದು ಒಪ್ಪಂದ ಬರೆದು, ದರಕ್ಕೆ ಆಧಾರ ಎಂತ ಅಂತ ಮೊದಲ ಬಿಲ್‌ಗೆ ಮುಂಚೆ ಫೈಲಿನಲ್ಲಿ ಇಡಿ. ಅಲ್ಲಿ ಲಾಭದ ಮೇಲೆ ಎಲ್ಲಾ ಸೇರಿ ಸುಮಾರು ಶೇ. 30 ತೆರಿಗೆ. ಲಾಭಾಂಶವನ್ನು ಇಲ್ಲಿಗೆ ತರುವಾಗ ಭಾರತ-ಜರ್ಮನಿ ತೆರಿಗೆ ಒಪ್ಪಂದದ ಪ್ರಕಾರ ಶೇ. 10ಕ್ಕಿಂತ ಜಾಸ್ತಿ ಅಲ್ಲಿ ಕಡಿಯುವ ಹಾಗಿಲ್ಲ.

ಆರ್‌ಬಿಐಗೆ ಜುಲೈ 15ರೊಳಗೆ ಹೊರದೇಶದ ಆಸ್ತಿ, ಸಾಲದ ಲೆಕ್ಕ ಕೊಡುವ ಎಫ್‌ಎಲ್‌ಎ ರಿಟರ್ನ್, ಡಿಸೆಂಬರ್ 31ರೊಳಗೆ ಎಪಿಆರ್ ಎಂಬ ವಾರ್ಷಿಕ ವರದಿ. ಷೇರು ಸಿಕ್ಕಿದ ಸಾಕ್ಷಿಯನ್ನು ದುಡ್ಡು ಕಳಿಸಿ ಆರು ತಿಂಗಳೊಳಗೆ ಬ್ಯಾಂಕಿಗೆ ಕೊಡಬೇಕು. ಎಪಿಆರ್ ಬಾಕಿ ಇದ್ದರೆ ಮುಂದಿನ ಸಲ ದುಡ್ಡು ಕಳಿಸಲು ಬ್ಯಾಂಕ್ ಬಿಡುವುದಿಲ್ಲ. ಆಗ ಅಲ್ಲಿಯವರ ಸಂಬಳವೇ ನಿಲ್ಲಬಹುದು. ಹಾಗಾಗಿ ಈ ಎರಡು ತಾರೀಕನ್ನು ಆಡಿಟರ್ ಮೇಲೆ ಮಾತ್ರ ಬಿಡದೆ ನೀವೂ ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಮತ್ತೊಂದು ಖರ್ಚನ್ನು ಮೊದಲ ವರ್ಷದ ಬಜೆಟ್‌ನಲ್ಲೇ ಸೇರಿಸಿ. ಪ್ರೊಬೇಶನ್ ಮುಗಿಯುವ ಮೊದಲು ಅಲ್ಲಿಯ ಉದ್ಯೋಗಿಯನ್ನು ಎರಡು ವಾರ ಮಂಗಳೂರಿಗೆ ಕರೆಸಿ. ಜರ್ಮನ್ನರಿಗೆ ಬಿಸಿನೆಸ್ ಇ-ವೀಸಾ ಆನ್‌ಲೈನ್‌ನಲ್ಲೇ ಸಿಗುತ್ತದೆ. ಜೂನ್, ಜುಲೈ ಬಿಡಿ, ಆ ಮಳೆಗೆ ಅವರಿಗೆ ಹೊರಗೆ ಕಾಲಿಡಲು ಕಷ್ಟ. ನಮ್ಮ ಆ ಮಹಿಳೆ ಬಂದದ್ದು ಡಿಸೆಂಬರ್‌ನಲ್ಲಿ. ಮೊದಲ ವಾರ ಪೂರ್ತಿ ಸಪೋರ್ಟ್ ತಂಡದ ನಡುವೆ ಒಂದು ಕುರ್ಚಿ ಹಾಕಿಕೊಂಡು ಕೂತರು. ಯಾವ ದೂರು ಯಾರ ಕೈಗೆ ಹೋಗುತ್ತದೆ, ಯಾರು ಯಾವುದನ್ನು ಬೇಗ ಬಿಡಿಸುತ್ತಾರೆ ಅಂತ ಒಂದು ನೋಟ್‌ಬುಕ್‌ನಲ್ಲಿ ಹೆಸರು ಸಮೇತ ಬರೆದುಕೊಂಡರು. ಆ ಮೇಲೆ ರಾತ್ರಿ ಪಾಳಿಯ ಫೋರ್‌ಮನ್ ಫೋನ್ ಮಾಡಿದಾಗ ಅವರು ನಮ್ಮ ನಂಬರಿಗೆ ಅಲ್ಲ, ನೇರ ಆ ಹುಡುಗಿಗೋ ಹುಡುಗನಿಗೋ ಮೆಸೇಜ್ ಹಾಕುತ್ತಾರೆ.